ವಿದ್ಧಚಿತ್ರವೂ ಭಾವಚಿತ್ರವೂ: ಸ್ವಜನರ ತೈಲಪ್ರತಿಕೃತಿಗಳನ್ನು ಕುರಿತು ಒಂದು ವಿವೇಚನೆ

ಮನುಷ್ಯನ ಮುಖವನ್ನು ಹೋಲುವಂತೆ ಬರೆದ ಚಿತ್ರಕ್ಕೆ ಕನ್ನಡದಲ್ಲಿ ಈಗ ‘ಭಾವಚಿತ್ರ’ವೆಂಬ ಹೆಸರು ರೂಢವಾಗಿದೆ. ಕುಂಚದಿಂದ ಬರೆದುದಾಗಲಿ, ಕ್ಯಾಮರಾದಿಂದ ತೆಗೆದುದಾಗಲಿ, ಇಂಥವರದೆಂದು ಗುರುತು ಹತ್ತುವಂತಿದ್ದರೆ ಸಾಕು, ಅದು ಭಾವಚಿತ್ರವೆನಿಸುತ್ತದೆ. ಆದರೆ ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ಶಬ್ದಕ್ಕೆ ಇರುವ ಅರ್ಥವೇ ಬೇರೆ. ಅಲ್ಲಿ ಹೋಲಿಕೆಯ ಚಿತ್ರಕ್ಕೆ ‘ವಿದ್ಧ’ವೆಂದು ಹೆಸರು, ನೋಡಿದ ಮಾತ್ರದಿಂದಲೇ ಶೃಂಗಾರಾದಿ ರಸಗಳು ತೋರುವಂತಿದ್ದರೆ ಮಾತ್ರ ಅದು ‘ಭಾವಚಿತ್ರ’. ಹಾಗಾದರೆ ನಾವು ಇಂದು ಆಡುತ್ತಿರುವುದು ಅಪಪ್ರಯೋಗವೇ, ಅಥವಾ ಅದರಲ್ಲಿ ಏನಾದರೂ ಔಚಿತ್ಯವಿದೆಯೇ?

ಈ ಪ್ರಶ್ನೆಯನ್ನು ನಿಘಂಟಿನ ಬಲದಿಂದ ಮಾತ್ರವೇ ತೀರ್ಮಾನಿಸಲಾಗದು, ಚಿತ್ರಗಳನ್ನೇ ನೋಡಬೇಕು. ಅವುಗಳಲ್ಲಿಯೂ ಚಿತ್ರಕಾರರು ತಮ್ಮ ತಾಯಿತಂದೆಗಳನ್ನು, ಹೆಂಡಿರು ಮಕ್ಕಳನ್ನು, ಗೆಳೆಯರನ್ನು ಮತ್ತು ತಮ್ಮನ್ನೇ ಕುರಿತು ತೈಲವರ್ಣದಲ್ಲಿ ಬರೆದ ಪ್ರತಿಕೃತಿಗಳು ಈ ವಿಚಾರಕ್ಕೆ ಬಹಳ ಉಪಯುಕ್ತವಾಗಿವೆ. ಅರಸನ ಅಥವಾ ಧನಿಕನ ಪ್ರತಿಕೃತಿಯಲ್ಲಿ ಹೋಲಿಕೆಯನ್ನು ಒಪ್ಪುವವನೂ ತಳ್ಳುವವನೂ ಹಣ ಕೊಟ್ಟವನೇ. ಸ್ವಜನರ ಚಿತ್ರಕ್ಕೆ ಅಂಥ ಒಡೆಯನಿಲ್ಲ. ಆದುದರಿಂದ ಹೋಲಿಕೆ ಎಂದರೇನು, ಅದು ಎಲ್ಲಿಯವರೆಗೆ ಸಾಕು, ಎಲ್ಲಿಂದ ಮುಂದೆ ಸಾಲದು ಎಂಬ ಪ್ರಶ್ನೆ ಅಲ್ಲಿ ನಿರಾವರಣವಾಗಿ ನಿಲ್ಲುತ್ತದೆ. ಮೊದಲು ಶಾಸ್ತ್ರವನ್ನೂ, ಬಳಿಕ ತೈಲವರ್ಣದ ಸ್ವಭಾವವನ್ನೂ, ಕಡೆಗೆ ಕೆಲವು ಚಿತ್ರಗಳನ್ನೂ ಪರಿಶೀಲಿಸೋಣ.

೧. ಶಾಸ್ತ್ರದಲ್ಲಿ ಸಾದೃಶ್ಯ

‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಮತ್ತೊಂದು ಹೆಸರುಳ್ಳ ಮಾನಸೋಲ್ಲಾಸವು ಕ್ರಿ. ಶ. ೧೧೩೦ರ ಸುಮಾರಿನದು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ೫ ವಿಂಶತಿಗಳು ಸೇರಿ ೧೦೦ ಅಧ್ಯಾಯಗಳಾಗಿವೆ. ಇದರ ಮೊದಲ ಭಾಗವನ್ನು ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಮೂರನೆಯ ವಿಂಶತಿಯಲ್ಲಿ, ಗೃಹನಿರ್ಮಾಣದ ಪ್ರಸಂಗದಲ್ಲಿ, ಗೋಡೆಯನ್ನು ಹದಮಾಡುವ ಬಗೆ, ಕುಂಚಗಳು, ಬಣ್ಣಗಳು, ಬಣ್ಣಗಳನ್ನು ಹಿಡಿದಿಡುವ ವಜ್ರಲೇಪ ಮುಂತಾದವುಗಳ ವಿವರಗಳಿವೆ. ಅಲ್ಲಿ ಹೇಳಿರುವ ಚಿತ್ರಭೇದಗಳು ಐದು: ಕನ್ನಡಿಯಲ್ಲಿನ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧ, ಬರೆಯಬೇಕೆಂಬ ಬುದ್ಧಿ ಹುಟ್ಟಿದಾಗ ಆಕಾರಮಾತ್ರಕ್ಕಾಗಿ ಬರೆದದ್ದು ಅವಿದ್ಧ, ರಸವನ್ನು ದರ್ಶನಮಾತ್ರದಿಂದ ತಿಳಿಸುವುದು ಭಾವಚಿತ್ರ, ದ್ರವವರ್ಣಗಳಿಂದ ಬರೆದದ್ದು ರಸಚಿತ್ರ, ಪುಡಿಯ ಬಣ್ಣಗಳಿಂದಾದದ್ದು ಧೂಲಿಚಿತ್ರ. ಕೊನೆಯದು ನಮ್ಮ ಹೆಂಗಸರು ಅಂಗಳದಲ್ಲಿ ಇಡುವ ರಂಗವಲ್ಲಿಯೇ.

ಈ ವಿಭಾಗವು ಒಂದೇ ಆಧಾರವನ್ನು ಹಿಡಿದು ಮಾಡಿದುದಲ್ಲ. ಮೊದಲ ಎರಡು ಹೋಲಿಕೆಯನ್ನೂ, ಮೂರನೆಯದು ಪರಿಣಾಮವನ್ನೂ, ಕಡೆಯ ಎರಡು ದ್ರವ್ಯವನ್ನೂ ಅವಲಂಬಿಸಿವೆ. ಆದುದರಿಂದ ಒಂದು ಚಿತ್ರವು ದ್ರವ್ಯದಿಂದ ರಸಚಿತ್ರವಾಗಿ, ಹೋಲಿಕೆಯಿಂದ ವಿದ್ಧವಾಗಿ, ಪರಿಣಾಮದಿಂದ ಭಾವಚಿತ್ರವೂ ಆಗುವುದಕ್ಕೆ ಅಡ್ಡಿಯಿಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲವೂ ಇದನ್ನೇ ಅವಲಂಬಿಸಿದೆ.

ಸಾದೃಶ್ಯವು ಸೋಮೇಶ್ವರನ ಕಾಲಕ್ಕೆ ಹೊಸದಾಗಿ ಬಂದ ತತ್ತ್ವವಲ್ಲ. ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರವು ಚಿತ್ರದಲ್ಲಿ ಸಾದೃಶ್ಯವೇ ಪ್ರಧಾನವೆಂದು ಒಪ್ಪುತ್ತದೆ. ಅದೇ ಗ್ರಂಥವು, ಮಲಗಿ ನಿದ್ರಿಸುವವನನ್ನು ಚೈತನ್ಯದೊಡನೆಯೂ ಸತ್ತವನನ್ನು ಚೈತನ್ಯವಿಲ್ಲದೆಯೂ ತೋರಿಸಬಲ್ಲವನೇ ಚಿತ್ರವನ್ನು ಬಲ್ಲವನೆಂದು ಹೇಳುತ್ತದೆ. ಕಣ್ಣು ಮುಚ್ಚಿ ಮಲಗಿರುವ ಇಬ್ಬರಲ್ಲಿ ಅವಯವಗಳ ಅಳತೆ ಒಂದೇ ಆಗಿರಬಹುದು. ಭೇದವಿರುವುದು ಅಳತೆಗೆ ಸಿಕ್ಕದ ವಸ್ತುವಿನಲ್ಲಿ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಚಿತ್ರದ ಆರು ಅಂಗಗಳನ್ನು ಎಣಿಸುವಾಗ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನಗಳನ್ನು ಹೇಳಿ, ಆಮೇಲೆ ಸಾದೃಶ್ಯವನ್ನೂ ವರ್ಣಿಕಾಭಂಗವನ್ನೂ ಹೇಳುತ್ತಾನೆ. ಪ್ರಮಾಣ ಬೇರೆ, ಸಾದೃಶ್ಯ ಬೇರೆ ಎಂಬುದು ಇದರಿಂದ ಸ್ಪಷ್ಟ. ಅಳತೆಯೆಲ್ಲ ಸರಿಯಾಗಿದ್ದರೂ ‘ಇದು ನಮ್ಮ ಅಪ್ಪನ ಹಾಗಿಲ್ಲ’ ಎಂದು ಮಗ ಹೇಳುವುದುಂಟು. ಶಾಸ್ತ್ರಕಾರರು ಈ ಲೋಕಾನುಭವವನ್ನು ಅಲಕ್ಷಿಸಿಲ್ಲ.

೨. ಕಾವ್ಯಸಾಕ್ಷ್ಯ

ಮರ್ತ್ಯರ ಪ್ರತಿಕೃತಿಯನ್ನು ನಮ್ಮ ಪೂರ್ವಿಕರು ಆದರಿಸಲಿಲ್ಲವೆಂಬ ಅಭಿಪ್ರಾಯವೊಂದಿದೆ. ಇದಕ್ಕೆ ಆಧಾರವಾಗಿ ಶುಕ್ರನೀತಿಸಾರದ ಮಾತನ್ನು ಉದಾಹರಿಸುವುದುಂಟು. ದೇವತಾಬಿಂಬಗಳು ಶ್ರೇಯಸ್ಕರ, ಮನುಷ್ಯಬಿಂಬಗಳು ಲಕ್ಷಣಯುಕ್ತವಾಗಿದ್ದರೂ ಅಲ್ಲ ಎಂಬುದು ಅದರ ತಾತ್ಪರ್ಯ. ಆ ಗ್ರಂಥದ ಪ್ರಾಚೀನತೆಯನ್ನೇ ವಿದ್ವಾಂಸರು ಸಂದೇಹಿಸಿದ್ದಾರೆ. ಅದು ಹಾಗಿರಲಿ. ದೇವಾಲಯದ ಪೂಜೆಗೆ ಸಂಬಂಧಿಸಿದ ವಿಧಿಯನ್ನು ಮನೆಯ ಚಿತ್ರಫಲಕಕ್ಕೆ ಅನ್ವಯಿಸುವುದು ಯುಕ್ತವಲ್ಲ. ನಾಟಕಗಳನ್ನು ನೋಡಿದರೆ ಸ್ವಜನರ ಪ್ರತಿಕೃತಿಯು ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಸ್ವಪ್ನವಾಸವದತ್ತದ ಕಡೆಯ ಅಂಕದಲ್ಲಿ, ಮಗಳು ಉದಯನನೊಡನೆ ಹೊರಟುಹೋದ ಮೇಲೆ ತಾಯಿತಂದೆಗಳು ಇಬ್ಬರ ಪ್ರತಿಕೃತಿಗಳನ್ನೂ ಫಲಕದಲ್ಲಿ ಬರೆಯಿಸಿ ವಿವಾಹವಿಧಿಯನ್ನು ನಡೆಸಿದ್ದರೆಂದು ತಿಳಿಯುತ್ತದೆ. ಆ ಫಲಕವನ್ನು ನೋಡಿಯೇ ಪದ್ಮಾವತಿಯು ತನ್ನ ಬಳಿಯಲ್ಲಿರುವ ಅವಂತಿಕೆಗೂ ಚಿತ್ರದಲ್ಲಿರುವವಳಿಗೂ ಇರುವ ಹೋಲಿಕೆಯನ್ನು ಗುರುತಿಸುತ್ತಾಳೆ. ಇದು ಶುದ್ಧ ವಿದ್ಧಚಿತ್ರ. ಸಾಕ್ಷಿಪತ್ರದ ಕೆಲಸವನ್ನು ಮಾಡುತ್ತದೆ. ಪ್ರತಿಮಾನಾಟಕದಲ್ಲಿ ಇದಕ್ಕಿಂತ ಘೋರವಾದ ಸಾಕ್ಷ್ಯವಿದೆ. ಪ್ರತಿಮಾಗೃಹದಲ್ಲಿ ಗತಿಸಿದ ಅರಸರ ಬಿಂಬಗಳನ್ನು ಮಾತ್ರ ಇಡುವ ಪದ್ಧತಿ. ಅಲ್ಲಿ ದಶರಥನ ಪ್ರತಿಮೆಯನ್ನು ಕಂಡ ಭರತನಿಗೆ ತಂದೆಯ ಮರಣವು ತಿಳಿಯುತ್ತದೆ.

ಕಾಳಿದಾಸನಲ್ಲಿ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ನೆನಪಿನಿಂದ ಬರೆದ ಚಿತ್ರದ ಮುಂದೆ ಕುಳಿತು ಇನ್ನೂ ಸೇರಿಸಬೇಕಾದುವನ್ನು ಎಣಿಸುತ್ತಾನೆ; ಬರೆದ ದುಂಬಿಯನ್ನು ನಿಜದ ದುಂಬಿಯೆಂದು ಗದರಿಸುತ್ತಾನೆ; ಅದು ಚಿತ್ರವೆಂದು ವಿದೂಷಕನು ನೆನಪಿಸಬೇಕಾಗುತ್ತದೆ. ಮಾಲವಿಕಾಗ್ನಿಮಿತ್ರದ ಎರಡನೆಯ ಅಂಕದಲ್ಲಿಯಾದರೋ, ಮಾಲವಿಕೆಯನ್ನು ಕಣ್ಣಾರೆ ಕಂಡ ಅರಸನಿಗೆ ಚಿತ್ರವು ಅವಳಿಗಿಂತ ಕಡಮೆಯಾಗಿತ್ತೆಂದು ತೋರಿ, ಬರೆದವನ ಸಮಾಧಿಯು ಶಿಥಿಲವಾಗಿತ್ತೆಂದು ಭಾವಿಸುತ್ತಾನೆ. ಇಲ್ಲಿ ದೋಷವನ್ನು ಕೈಯ ಮೇಲಾಗಲಿ ಬಣ್ಣದ ಮೇಲಾಗಲಿ ಹೊರಿಸದೆ ಚಿತ್ತದ ಏಕಾಗ್ರತೆಯ ಮೇಲೆ ಹೊರಿಸಿರುವುದು ಗಮನಾರ್ಹ.

ಉತ್ತರರಾಮಚರಿತದ ಮೊದಲನೆಯ ಅಂಕವು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಸಮೀಪವಾದುದು. ರಾಮ, ಸೀತೆ, ಲಕ್ಷ್ಮಣರು ತಮ್ಮ ಜೀವನದ ಚಿತ್ರಗಳನ್ನೇ ಕುಳಿತು ನೋಡುತ್ತಾರೆ. ಶೂರ್ಪಣಖಿಯ ಚಿತ್ರವನ್ನು ಕಂಡು ಸೀತೆಯು ಬೆದರುತ್ತಾಳೆ. ಇದು ಚಿತ್ರವೆಂದು ರಾಮನು ಸಮಾಧಾನಪಡಿಸುತ್ತಾನೆ. ಪರರು ನೋಡಿದ್ದರೆ ಅದು ರಸವಾಗುತ್ತಿತ್ತು. ತಮ್ಮವರೇ ನೋಡಿದುದರಿಂದ ಭಯವೂ ದುಃಖವೂ ಆಯಿತು.

ಅಭಿನವಗುಪ್ತಾಚಾರ್ಯರು ರಸಪ್ರತೀತಿಗೆ ಬರುವ ಏಳು ವಿಘ್ನಗಳನ್ನು ಎಣಿಸುವಾಗ, ಇದು ನನ್ನದು, ಇದು ಅನ್ಯನದು ಎಂಬ ನಿಯಮದ ಆವೇಶವನ್ನೂ, ತನ್ನ ಸುಖದುಃಖಗಳಿಗೆ ಪರವಶನಾಗುವುದನ್ನೂ ಹೇಳಿದ್ದಾರೆ. ಇದು ಸಹೃದಯನನ್ನು ಕುರಿತ ಮಾತು. ಆದರೆ ಚಿತ್ರಕಾರನು ತನ್ನ ಚಿತ್ರಕ್ಕೆ ತಾನೇ ಮೊದಲನೆಯ ಸಹೃದಯನಲ್ಲವೇ? ತಾಯಿಯ ಮುಖವನ್ನು ಬರೆಯುವವನಿಗೆ ಈ ಎರಡು ವಿಘ್ನಗಳೂ ಕುಂಚ ಹಿಡಿಯುವ ಮೊದಲೇ ಎದುರು ನಿಂತಿರುತ್ತವೆ. ಅವುಗಳನ್ನು ದಾಟಿ, ತನ್ನ ತಾಯಿಯನ್ನು ನೋಡುವವರೆಲ್ಲರ ಅನುಭವಕ್ಕೆ ತರುವುದಾದರೆ ಅದು ಸಾಧಾರಣೀಕರಣ. ಸ್ವಜನರ ಪ್ರತಿಕೃತಿಯ ಕಷ್ಟವೂ ಫಲವೂ ಇದೇ.

೩. ತೈಲವರ್ಣದ ಸ್ವಭಾವ

ಈ ದಾಟುವಿಕೆಗೆ ತೈಲವರ್ಣವು ಹೇಗೆ ನೆರವಾಯಿತೆಂಬುದನ್ನು ತಿಳಿಯಲು ಅದರ ಗುಣಗಳನ್ನು ನೋಡಬೇಕು. ಬಣ್ಣವೆಂದರೆ ಪುಡಿ, ಅದನ್ನು ಪಟಕ್ಕೆ ಅಂಟಿಸುವ ಬಂಧಕದ್ರವ್ಯವೊಂದು ಬೇಕು. ಮಾನಸೋಲ್ಲಾಸದ ವಜ್ರಲೇಪವು ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ಅಂಟು. ಅಂಟಿನ ಬಣ್ಣವು ನೀರು ಆರಿದೊಡನೆ ಒಣಗುತ್ತದೆ. ಬರೆದ ಗೆರೆ ಅಲ್ಲಿಯೇ ನಿಲ್ಲುತ್ತದೆ. ತೈಲವರ್ಣದ ಬಂಧಕವು ಮುಖ್ಯವಾಗಿ ಅಗಸೆಯ ಎಣ್ಣೆ. ಉತ್ತರ ಕರ್ನಾಟಕದ ಊಟದಲ್ಲಿ ಹಿಂಡಿಯಾಗಿ ಬರುವ ಅಗಸೆಯೇ ಇದು. ಈ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿಯಾದ ಪೊರೆಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನಗಳು ಬೇಕು. ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಈ ಗುಣವಿಲ್ಲದಿರುವುದರಿಂದ ಅವು ಈ ಕೆಲಸಕ್ಕೆ ಬಾರವು.

ತೈಲವರ್ಣವು ಯೂರೋಪಿನಲ್ಲಿ ಮಾತ್ರ ಹುಟ್ಟಿತೆಂಬ ಎಣಿಕೆಯೂ ಈಗ ನಿಲ್ಲುವುದಿಲ್ಲ. ಆಫ್ಘಾನಿಸ್ತಾನದ ಬಾಮಿಯಾನಿನ ಬೌದ್ಧಗುಹೆಗಳಲ್ಲಿ ಏಳನೆಯ ಶತಮಾನದ ಕೆಲವು ಭಿತ್ತಿಚಿತ್ರಗಳಲ್ಲಿ ಒಣಗುವ ಎಣ್ಣೆಗಳಿರುವುದು ೨೦೦೮ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದರೆ ಮನುಷ್ಯಮುಖದ ಪ್ರತಿಕೃತಿಗೆ ಅದನ್ನು ಪೂರ್ಣವಾಗಿ ಪಳಗಿಸಿದವರು ೧೫ನೆಯ ಶತಮಾನದ ಫ್ಲಾಂಡರ್ಸ್ ದೇಶದ ಚಿತ್ರಕಾರರು.

ಎಣ್ಣೆಯು ನಿಧಾನವಾಗಿ ಒಣಗುವುದರಿಂದ ಮೂರು ಅನುಕೂಲಗಳಿವೆ. ಮೊದಲನೆಯದಾಗಿ, ಹಸಿಯ ಬಣ್ಣದಲ್ಲಿ ಹಸಿಯ ಬಣ್ಣವನ್ನು ಕಲಸಿ, ಕೆನ್ನೆಯಿಂದ ದವಡೆಗೆ ಬೆಳಕು ಇಳಿಯುವುದನ್ನು ಗೆರೆಯಿಲ್ಲದೆ ತೋರಿಸಬಹುದು. ಎರಡನೆಯದಾಗಿ, ಒಣಗಿದ ಪದರದ ಮೇಲೆ ತೆಳುವಾದ ಪಾರದರ್ಶಕ ಪದರವನ್ನು ಹರಡಿದರೆ ಬೆಳಕು ಒಳಕ್ಕೆ ಹೋಗಿ ಹಿಂದಿರುಗುತ್ತದೆ. ಚರ್ಮದ ಕೆಳಗೆ ರಕ್ತವಿರುವ ಭಾವನೆ ಇದರಿಂದ ಬರುತ್ತದೆ. ಮೂರನೆಯದಾಗಿ, ಇಂದು ಬರೆದುದನ್ನು ನಾಳೆ ಒರೆಸಿ, ಕೆರೆದು, ಮತ್ತೆ ಬರೆಯಬಹುದು. ಪದರಗಳ ಕ್ರಮದಲ್ಲಿ ಒಂದು ನಿಯಮವುಂಟು: ಕೆಳಗಿನ ಪದರದಲ್ಲಿ ಎಣ್ಣೆ ಕಡಮೆ, ಮೇಲಿನ ಪದರದಲ್ಲಿ ಹೆಚ್ಚು ಇರಬೇಕು. ವ್ಯತ್ಯಾಸವಾದರೆ ಮೇಲಿನ ಪದರ ಮೊದಲೇ ಬಿಗಿದು, ಕೆಳಗಿನದು ಇನ್ನೂ ಅಲುಗುತ್ತಿರಲು, ಚಿತ್ರವು ಬಿರಿಯುತ್ತದೆ.

ಕುಳಿತವರ ಮೇಲೆ ಬೀಳುವ ಬೆಳಕು ಗಂಟೆಗೆ ಒಂದರಂತೆ ಬದಲಾಗಬಾರದೆಂದು ಯೂರೋಪಿನವರು ಉತ್ತರದ ಕಿಟಕಿಯನ್ನು ಆರಿಸುತ್ತಾರೆ. ಅಲ್ಲಿ ಆ ಕಿಟಕಿಗೆ ನೇರ ಬಿಸಿಲು ಹೆಚ್ಚಾಗಿ ಬಾರದು. ಈ ಉಪದೇಶವನ್ನು ನಮ್ಮಲ್ಲಿ ಹಾಗೆಯೇ ಅನುಸರಿಸಲಾಗದು. ಮೈಸೂರಿನ ಅಕ್ಷಾಂಶವು ಸುಮಾರು ೧೨ ಡಿಗ್ರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ನಮ್ಮ ಉತ್ತರದ ಕಿಟಕಿಗೆ ಬಿಳಿಯ ಬಟ್ಟೆಯ ತೆರೆ ಬೇಕು. ಹಾಗೆಯೇ ಬಿಳಿ ಮತ್ತು ಇಂಗಲೀಕದ ಕೆಂಪನ್ನು ಮೂಲವಾಗಿಟ್ಟುಕೊಂಡ ಅವರ ಮೈಬಣ್ಣದ ಸೂತ್ರಗಳು ನಾವು ಎಣ್ಣೆಗೆಂಪು ಎನ್ನುವ ಮೈಬಣ್ಣಕ್ಕಾಗಲಿ, ಅದಕ್ಕಿಂತ ಕಪ್ಪಾದುದಕ್ಕಾಗಲಿ ಹೊಂದುವುದಿಲ್ಲ. ಇಲ್ಲಿ ಕಾವಿ ಮತ್ತು ಕಂದು ಮಣ್ಣಿನ ಬಣ್ಣಗಳಿಂದ ಆರಂಭಿಸಿ, ಹೊಳಪು ಬೀಳುವ ಹಣೆ ಮೂಗುಗಳಲ್ಲಿ ಮಾತ್ರ ತುಸು ನೀಲಿ ಬೆರೆತ ಬಿಳಿಯನ್ನು ಮಿತವಾಗಿ ಬಳಸುವುದು ಉಚಿತ.

೪. ಸ್ವಜನರು

ಪರಿಚಿತಮುಖವೇ ಬರೆಯುವುದಕ್ಕೆ ಸುಲಭವೆಂದು ತೋರುವುದು ಸಹಜ. ವಾಸ್ತವದಲ್ಲಿ ಅದು ವಿಪರೀತ. ಅಪರಿಚಿತನಲ್ಲಿ ಕಣ್ಣು ಕಂಡುದನ್ನು ಕೈ ಬರೆಯುತ್ತದೆ. ಪರಿಚಿತನಲ್ಲಿ ಮನಸ್ಸು ಬಲ್ಲುದನ್ನು ಕೈ ಬರೆಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯು ಚಿತ್ರಕಾರನಿಗೂ ತಗಲುತ್ತದೆ. ಮಗುವಿನ ಕಣ್ಣು ಇದ್ದುದಕ್ಕಿಂತ ದೊಡ್ಡದಾಗುತ್ತದೆ, ತಾಯಿಯ ಸುಕ್ಕುಗಳು ಕಡಮೆಯಾಗುತ್ತವೆ. ಮನೆಯವರು ಮೆಚ್ಚುತ್ತಾರೆ, ಪರರಿಗೆ ಅದು ಏನನ್ನೂ ಹೇಳುವುದಿಲ್ಲ.

ಇದನ್ನು ಗೆದ್ದವರಲ್ಲಿ ಮೊದಲಿಗನೆಂದು ಯಾನ್ ವಾನ್ ಐಕನನ್ನು ಹೇಳಬಹುದು. ಅವನು ತನ್ನ ಹೆಂಡತಿ ಮಾರ್ಗರೇಟಳನ್ನು ಬರೆದ ಚಿಕ್ಕ ಹಲಗೆಯು ಬ್ರೂಜ್ ನಗರದಲ್ಲಿದೆ. ಚೌಕಟ್ಟಿನ ಮೇಲಿನ ಬರಹದಲ್ಲಿ ಮಾತನಾಡುವವಳು ಅವಳೇ: ೧೪೩೯ರ ಜೂನ್ ೧೭ರಂದು ಗಂಡನು ತನ್ನನ್ನು ಬರೆದು ಮುಗಿಸಿದನೆಂದೂ ಆಗ ತನಗೆ ವಯಸ್ಸು ೩೩ ಎಂದೂ ಅದರ ಅರ್ಥ. ಆ ಮುಖದಲ್ಲಿ ಮುದ್ದು ಮಾಡಿದ ಅಂಶವಿಲ್ಲ. ತುಟಿಗಳು ತೆಳುವು, ನೋಟವು ನೇರ ಮತ್ತು ತುಸು ಕಟು. ಪ್ರೀತಿಯಿರುವುದು ಅಲಂಕಾರದಲ್ಲಲ್ಲ; ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ, ಏನನ್ನೂ ಬಿಡದೆ ನೋಡಿದ ಆ ನೋಟದಲ್ಲಿ.

ಎರಡನೆಯ ಉದಾಹರಣೆಯು ಹಾಲೆಂಡಿನ ರೆಂಬ್ರಾಂಟನದು (೧೬೦೬–೧೬೬೯). ಅವನಿಗೂ ಸಾಸ್ಕಿಯಾಳಿಗೂ ಹುಟ್ಟಿದ ನಾಲ್ವರು ಮಕ್ಕಳಲ್ಲಿ ದೊಡ್ಡವನಾಗುವವರೆಗೆ ಉಳಿದವನು ೧೬೪೧ರಲ್ಲಿ ಹುಟ್ಟಿದ ಟೈಟಸ್ ಒಬ್ಬನೇ. ಮಗು ವರ್ಷ ತುಂಬುವ ಮೊದಲೇ, ೧೬೪೨ರಲ್ಲಿ ತಾಯಿ ತೀರಿಕೊಂಡಳು. ೧೬೫೫ರಲ್ಲಿ ಬರೆದ ಚಿತ್ರವೊಂದು ರಾಟರ್‌ಡ್ಯಾಮಿನಲ್ಲಿದೆ. ಹುಡುಗನು ಮೇಜಿನ ಹಿಂದೆ ಕುಳಿತಿದ್ದಾನೆ; ಕೈಯಲ್ಲಿ ಲೇಖನಿಯಿದೆ; ಹೆಬ್ಬೆರಳನ್ನು ಗಲ್ಲಕ್ಕೆ ಒತ್ತಿಕೊಂಡು ಎತ್ತಲೋ ನೋಡುತ್ತಿದ್ದಾನೆ. ಬರೆಯುವುದನ್ನು ನಿಲ್ಲಿಸಿದ ಕ್ಷಣ ಅದು. ಮೇಜಿನ ಹಲಗೆಯನ್ನು ದಪ್ಪ ಬಣ್ಣದಲ್ಲಿ ಒರಟಾಗಿ ಎಳೆದಿದೆ, ಮುಖವಾದರೋ ಮೃದುವಾಗಿದೆ. ಪಾಠಕ್ಕೆ ಕುಳಿತ ಮಗನನ್ನು ನೋಡಿದ ತಂದೆತಾಯಿಗಳೆಲ್ಲರೂ ಈ ಕ್ಷಣವನ್ನು ಬಲ್ಲರು. ಟೈಟಸನ ಹೆಸರನ್ನೇ ಕೇಳದವನಿಗೂ ಅಲ್ಲಿ ವಾತ್ಸಲ್ಯವು ತೋರುತ್ತದೆ. ವಿದ್ಧವು ಭಾವಚಿತ್ರವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಟೈಟಸನು ೧೬೬೮ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ತಂದೆಯು ಇನ್ನೂ ಒಂದು ವರ್ಷ ಬದುಕಿದ್ದನು.

೫. ಮಿತ್ರರು

ಮಿತ್ರನ ಚಿತ್ರದಲ್ಲಿ ಬಂಧುವಿನ ಚಿತ್ರಕ್ಕಿಲ್ಲದ ಸ್ವಾತಂತ್ರ್ಯವೊಂದಿದೆ. ಅಲ್ಲಿ ಸ್ನೇಹವಿದ್ದರೂ ರಕ್ತದ ಬಂಧವಿಲ್ಲ. ರೆಂಬ್ರಾಂಟನು ೧೬೫೪ರಲ್ಲಿ ಬರೆದ ಯಾನ್ ಸಿಕ್ಸನ ಪ್ರತಿಕೃತಿಯು ಇಂದಿಗೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ವಂಶದವರ ಸಂಗ್ರಹದಲ್ಲಿಯೇ ಇದೆ. ಸಿಕ್ಸನು ಕವಿ, ಚಿತ್ರಕಾರನಿಗೆ ಸಾಲ ಕೊಟ್ಟ ಸ್ನೇಹಿತ. ಕೈಗವಸನ್ನು ಹಾಕಿಕೊಳ್ಳುತ್ತ ಹೊರಗೆ ಹೊರಟವನಂತೆ ನಿಂತಿದ್ದಾನೆ. ಮುಖವು ಸಾವಧಾನವಾಗಿ ಬರೆದುದು; ಕೈಗಳೂ ಮೇಲಂಗಿಯ ಅಂಚೂ ಕೆಲವೇ ಎಳೆತಗಳಲ್ಲಿ ಮುಗಿದಿವೆ. ಹತ್ತಿರದಿಂದ ನೋಡಿದರೆ ಬರಿಯ ಬಣ್ಣದ ಪಟ್ಟೆಗಳು, ದೂರದಿಂದ ನೋಡಿದರೆ ಕೈಗಳು. ಸೋಮೇಶ್ವರನ ಪರಿಭಾಷೆಯನ್ನು ಇಲ್ಲಿ ತುಸು ವಿಸ್ತರಿಸಿ ಹೇಳುವುದಾದರೆ, ಒಂದೇ ಪಟದಲ್ಲಿ ಮುಖವು ವಿದ್ಧ, ಕೈಗಳು ಅವಿದ್ಧ.

ವಿನ್ಸೆಂಟ್ ವಾನ್ ಗೋ ಎಂಬುವನು ೧೮೮೮ರಲ್ಲಿ ಫ್ರಾನ್ಸಿನ ಆರ್ಲ್ ಎಂಬ ಊರಿಗೆ ಬಂದಾಗ ಅವನ ಚಿತ್ರಕ್ಕೆ ಕುಳಿತುಕೊಳ್ಳುವವರಿಗೆ ಕೊಡಲು ಅವನಲ್ಲಿ ಹಣವಿರಲಿಲ್ಲ. ಅಂಚೆಯ ನೌಕರನಾದ ಜೋಸೆಫ್ ರೂಲೇನನೂ, ಅವನ ಹೆಂಡತಿಯೂ, ಇಬ್ಬರು ಗಂಡುಮಕ್ಕಳೂ, ಹಸುಗೂಸೂ ಅವನಿಗೆ ಕುಳಿತರು. ೧೮೮೮–೮೯ರಲ್ಲಿ ಆ ಸಂಸಾರದವರ ೨೦ಕ್ಕೂ ಹೆಚ್ಚು ಚಿತ್ರಗಳಾದುವು. ಹೋಲಿಕೆಯನ್ನು ಬಿಡದೆ, ಬಣ್ಣವನ್ನು ಮಾತ್ರ ಲೋಕದಂತಲ್ಲದೆ ಭಾವದಂತೆ ಬಳಸಿದುದು ಅವನ ವಿಶೇಷ. ಮನೆಯಿಂದ ದೂರವಿದ್ದವನಿಗೆ ಆ ಸಂಸಾರವೇ ಸ್ವಜನವಾಯಿತೆಂಬುದನ್ನು ಚಿತ್ರಗಳ ಸಂಖ್ಯೆಯೇ ಹೇಳುತ್ತದೆ.

೬. ತಾನು

ತನ್ನನ್ನೇ ಬರೆದುಕೊಳ್ಳುವವನಿಗೆ ಕನ್ನಡಿಯೊಂದೇ ದಾರಿ. ಸೋಮೇಶ್ವರನು ವಿದ್ಧಚಿತ್ರಕ್ಕೆ ಕನ್ನಡಿಯ ಉಪಮಾನವನ್ನು ಕೊಟ್ಟನು; ಇಲ್ಲಿ ಉಪಮಾನವೇ ಉಪಕರಣವಾಗಿದೆ. ಆದರೆ ಕನ್ನಡಿಯು ನಾವು ತಿಳಿದಷ್ಟು ಸತ್ಯವಾದಿಯಲ್ಲ. ಅದು ಎಡಬಲಗಳನ್ನು ಅದಲುಬದಲು ಮಾಡುತ್ತದೆ; ಬಲಗೈಯಲ್ಲಿ ಕುಂಚ ಹಿಡಿದವನು ಚಿತ್ರದಲ್ಲಿ ಎಡಗೈಯವನಾಗುತ್ತಾನೆ. ಇದಲ್ಲದೆ, ಮುಖದಷ್ಟೇ ದೊಡ್ಡದಾಗಿ ಕಾಣುವ ಪ್ರತಿಬಿಂಬವು ಕನ್ನಡಿಯ ಮೇಲ್ಮೈಯಲ್ಲಿ ಮುಖದ ಅರ್ಧದಷ್ಟೇ ಇರುತ್ತದೆ. ಉಸಿರಿನಿಂದ ಮಂಜಾದ ಕನ್ನಡಿಯ ಮೇಲೆ, ಒಂದು ಕಣ್ಣನ್ನು ಮುಚ್ಚಿಕೊಂಡು, ಬೆರಳಿನಿಂದ ಮುಖದ ಸುತ್ತು ಗೆರೆಯನ್ನು ಎಳೆದು ಅಳೆದವರಿಗೆ ಇದು ಗೊತ್ತಾಗುವುದು. ಪ್ರತಿಬಿಂಬವು ಕನ್ನಡಿಯ ಹಿಂದೆ ನಮ್ಮಷ್ಟೇ ದೂರದಲ್ಲಿ ಇರುವಂತೆ ತೋರುವುದೇ ಇದಕ್ಕೆ ಕಾರಣ. ಇನ್ನೂ ಒಂದು ತೊಡಕುಂಟು. ತನ್ನನ್ನು ನೋಡಿಕೊಳ್ಳುವವನ ಮುಖದಲ್ಲಿ ನೋಡುವ ಶ್ರಮವೇ ಭಾವವಾಗಿ ಕೂರುತ್ತದೆ. ಹುಬ್ಬು ಗಂಟಿಕ್ಕಿ, ಕಣ್ಣು ನಾಟಿಕೊಂಡಿರುತ್ತದೆ. ನಗುವುದು, ಮೈಮರೆಯುವುದು ಮುಂತಾದುವು ಕನ್ನಡಿಯೊಳಗಿನ ಗಂಟೇ ಸರಿ.

ರೆಂಬ್ರಾಂಟನು ತನ್ನನ್ನು ಸುಮಾರು ೪೦ ಸಾರಿ ತೈಲವರ್ಣದಲ್ಲಿ ಬರೆದುಕೊಂಡನು. ತಾಮ್ರದ ಫಲಕದ ಅಚ್ಚುಗಳನ್ನೂ ರೇಖಾಚಿತ್ರಗಳನ್ನೂ ಸೇರಿಸಿದರೆ ಸುಮಾರು ೮೦ ಆಗುತ್ತವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇವುಗಳಲ್ಲಿ ಎರಡನ್ನು ಹೋಲಿಸಿ ನೋಡಬಹುದು. ೧೬೪೦ರದು ೩೪ ವಯಸ್ಸಿನವನ ಚಿತ್ರ. ಬೆಲೆಬಾಳುವ ಹಳೆಯ ಕಾಲದ ಉಡುಪು, ಕಟ್ಟೆಯ ಮೇಲೆ ಊರಿದ ತೋಳು, ತಾನು ಇಟಲಿಯ ಮಹಾಚಿತ್ರಕಾರರಿಗೆ ಸಮನೆಂಬ ಹೆಮ್ಮೆ. ಇನ್ನೊಂದು ಅವನು ತೀರಿಕೊಂಡ ೧೬೬೯ರದು, ೬೩ ವಯಸ್ಸಿನವನದು. ಕೆನ್ನೆಗಳು ಜೋತುಬಿದ್ದಿವೆ, ಹಣೆಯ ಮೇಲೆ ದಪ್ಪನೆಯ ಬಣ್ಣವೇ ಚರ್ಮದ ಉಬ್ಬುತಗ್ಗುಗಳಾಗಿದೆ, ಕೈಗಳು ಒಂದರಲ್ಲೊಂದು ಸೇರಿಕೊಂಡಿವೆ. ಕ್ಷಕಿರಣದ ಪರೀಕ್ಷೆಯಲ್ಲಿ, ಮೊದಲು ಆ ಕೈಗಳು ತೆರೆದಿದ್ದು ಕುಂಚವನ್ನು ಹಿಡಿದಿದ್ದುವೆಂದು ತಿಳಿದುಬಂದಿದೆ. ಬರೆದುದನ್ನು ಮುಚ್ಚಿ ಬೇರೆ ಬರೆಯಲು ತೈಲವರ್ಣವು ಅವಕಾಶಕೊಟ್ಟಿತು. ಕುಂಚವನ್ನು ತೆಗೆದುಬಿಟ್ಟ ಮೇಲೆ ಉಳಿದವನು ಚಿತ್ರಕಾರನಲ್ಲ, ವೃದ್ಧನಾದ ಒಬ್ಬ ಮನುಷ್ಯ.

ಈ ಎರಡು ಚಿತ್ರಗಳ ನಡುವಿನ ೨೯ ವರ್ಷಗಳಲ್ಲಿ ಹೆಂಡತಿ ಸತ್ತಳು. ೧೬೫೬ರಲ್ಲಿ ಸಾಲಗಳಿಂದ ಅವನು ದಿವಾಳಿಯಾದನು. ಮನೆಯೂ ಸಂಗ್ರಹಗಳೂ ಹರಾಜಾದುವು. ಜೊತೆಗಾತಿ ಹೆಂಡ್ರಿಕ್ಯೆ ೧೬೬೩ರಲ್ಲಿಯೂ ಮಗನು ೧೬೬೮ರಲ್ಲಿಯೂ ಗತಿಸಿದರು. ಆದರೂ ೧೬೬೯ರ ಮುಖದಲ್ಲಿ ಮೊರೆಯಿಲ್ಲ, ಕರುಣೆಯ ಯಾಚನೆಯಿಲ್ಲ. ‘ನಿಜಸುಖಾದಿವಿವಶೀಭಾವ’ವೆಂದು ಆಚಾರ್ಯರು ಹೇಳಿದ ವಿಘ್ನವನ್ನು ದಾಟಿದವನ ಸ್ಥಿತಿಯಿದು. ತನ್ನ ದುಃಖವನ್ನು ತಾನೇ ತಟಸ್ಥನಾಗಿ ನೋಡಿದುದರಿಂದ ಅದು ನೋಡುವವರೆಲ್ಲರಿಗೂ ಸಲ್ಲುತ್ತದೆ.

ಇದೇ ಚಿತ್ರಕಾರನಿಗೂ ನಮ್ಮ ದೇಶಕ್ಕೂ ಒಂದು ಸಂಬಂಧವುಂಟು. ೧೬೫೬ರಿಂದ ೧೬೬೧ರ ಸುಮಾರಿನಲ್ಲಿ ಅವನು ಮೊಗಲರ ಚಿಕ್ಕ ಚಿತ್ರಗಳನ್ನು ನೋಡಿ ಪ್ರತಿಗಳನ್ನು ಬರೆದನು. ೨೦ಕ್ಕೂ ಹೆಚ್ಚು ಉಳಿದಿವೆ. ಷಹಜಹಾನನ ಪ್ರತಿಕೃತಿಗಳೂ ಅವುಗಳಲ್ಲಿವೆ. ಮುಖದ ಬಣ್ಣವನ್ನೂ ನೆರಳನ್ನೂ ಅಷ್ಟು ಬಲ್ಲವನು ಗೆರೆಯಿಂದಲೇ ಗುರುತು ಹಿಡಿಯುವ ನಮ್ಮವರ ವಿದ್ಧಚಿತ್ರವನ್ನು ಗೌರವದಿಂದ ಅಭ್ಯಸಿಸಿದನೆಂಬುದು ಸಾಮಾನ್ಯವಾದ ಸಂಗತಿಯಲ್ಲ.

೭. ನಮ್ಮ ದೇಶದಲ್ಲಿ

ಭಾರತದಲ್ಲಿ ತೈಲವರ್ಣವನ್ನು ಮನೆಮಾತಾಗಿಸಿದ ರಾಜಾ ರವಿವರ್ಮನ (೧೮೪೮–೧೯೦೬) ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಿದವರು ಅವನ ಪೌರಾಣಿಕ ಕೃತಿಗಳನ್ನೇ ಹೆಚ್ಚಾಗಿ ನೆನೆಯುತ್ತಾರೆ. ಅವನು ೧೮೯೩ರಲ್ಲಿ ತನ್ನ ಮಗಳು ಮಹಾಪ್ರಭೆಯನ್ನೂ ಅವಳ ಮಗುವನ್ನೂ ಬರೆದ ಚಿತ್ರವು ಬೇರೆಯ ಬಗೆಯದು. ಮಗುವನ್ನು ಎತ್ತಿಕೊಂಡ ತಾಯಿ, ಚಿತ್ರದಲ್ಲಿ ಕಾಣದ ಯಾರದೋ ಬರವನ್ನು ನಿರೀಕ್ಷಿಸುತ್ತಿದ್ದಾಳೆ. ಬರುತ್ತಿರುವವನು ಮಗುವಿನ ತಂದೆಯೆಂದು ಚಿತ್ರದ ಹೆಸರಿನಿಂದ ತಿಳಿಯುತ್ತದೆ. ಅಮೃತಾ ಶೇರ್‌ಗಿಲ್ (೧೯೧೩–೧೯೪೧) ತನ್ನನ್ನು ಅನೇಕ ಸಾರಿ ಬರೆದುಕೊಂಡಳು. ೧೯೩೨ರಲ್ಲಿ ಪ್ಯಾರಿಸಿನಲ್ಲಿ ತಂಗಿ ಇಂದಿರೆಯನ್ನೂ ಗೆಳತಿಯೊಬ್ಬಳನ್ನೂ ಎದುರುಬದುರು ಕೂರಿಸಿ ಬರೆದ ಚಿತ್ರಕ್ಕೆ ಮರುವರ್ಷ ಅಲ್ಲಿ ಸ್ವರ್ಣಪದಕ ಬಂದಿತು. ಅವಳ ತಂದೆ ಉಮ್ರಾವ್ ಸಿಂಗರು ಸಂಸ್ಕೃತ ಪಾರಸಿಗಳನ್ನು ಬಲ್ಲ ವಿದ್ವಾಂಸರು. ಕ್ಯಾಮರಾದಿಂದ ತಮ್ಮ ಚಿತ್ರಗಳನ್ನು ತಾವೇ ತೆಗೆದುಕೊಂಡವರು. ತಂದೆಯ ಕ್ಯಾಮರಾ, ಮಗಳ ಕುಂಚ ಎರಡೂ ಒಂದೇ ಮನೆಯಲ್ಲಿ ಸ್ವಜನರ ಕಡೆಗೆ ತಿರುಗಿದ್ದುವು.

ನಮ್ಮ ಸಾಮಾನ್ಯ ಗೃಹಗಳಲ್ಲಿ ತೈಲಪ್ರತಿಕೃತಿಯ ಪ್ರವೇಶವು ಬೇರೆ ದಾರಿಯಿಂದ ಆಯಿತು. ಚಿತ್ರ ತೆಗೆಯಿಸಿಕೊಂಡರೆ ಆಯುಸ್ಸು ಕಡಮೆಯಾಗುವುದೆಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಹಿಂದೆ ಇತ್ತು. ಆದುದರಿಂದ ಹಿರಿಯರು ಕಾಲವಾದ ಮೇಲೆ, ಎಲ್ಲಿಯೋ ಇದ್ದ ಸಣ್ಣದೊಂದು ಫೋಟೋವನ್ನು ಚಿತ್ರಕಾರನಿಗೆ ಕೊಟ್ಟು ದೊಡ್ಡದಾಗಿ ಬರೆಯಿಸಿ, ಗಂಧದ ಹಾರವನ್ನು ಹಾಕಿ ನಡುಮನೆಯಲ್ಲಿ ತೂಗುಹಾಕುವುದು ಪದ್ಧತಿಯಾಯಿತು. ಭರತನು ಕಂಡ ಪ್ರತಿಮಾಗೃಹದ ನಿಯಮವೇ ನಮ್ಮ ಗೋಡೆಗಳ ಮೇಲೆ ಇಳಿದು ಬಂದಿತೆನ್ನಬಹುದು. ಆ ಚಿತ್ರಗಳನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಅವು ಶ್ರದ್ಧೆಯ ವಸ್ತುಗಳು. ಆದರೆ ಬರೆದವನು ಬದುಕಿದ್ದ ಆ ವ್ಯಕ್ತಿಯನ್ನು ಕಂಡವನಲ್ಲ. ಕ್ಯಾಮರಾ ಕಂಡ ಒಂದು ಕ್ಷಣವನ್ನು ಬಿಟ್ಟರೆ ಅವನಿಗೆ ಬೇರೆ ಆಧಾರವಿಲ್ಲ. ಚಿತ್ರಸೂತ್ರವು ಕೇಳುವ ಚೈತನ್ಯವನ್ನು ಅವನು ಎಲ್ಲಿಂದ ತರಬೇಕು? ಅಳತೆ ಸರಿಯಾಗುತ್ತದೆ, ಪಂಚೆಯ ಜರಿ ಹೊಳೆಯುತ್ತದೆ. ಆದರೂ ಮಕ್ಕಳು ಚಿತ್ರಕ್ಕೆ ನಮಸ್ಕಾರ ಮಾಡಿ, ತಮ್ಮ ತಾಯಿಯನ್ನು ನೆನಪಿನಲ್ಲಿಯೇ ಹುಡುಕಬೇಕಾಗುತ್ತದೆ.

ಇದಕ್ಕೆ ಪರಿಹಾರವು ಕಷ್ಟವಾದುದಲ್ಲ. ಕುಂಚ ಹಿಡಿಯಬಲ್ಲ ತರುಣರು ನಮ್ಮ ಊರುಗಳಲ್ಲಿ ಈಗ ಕಡಮೆಯಿಲ್ಲ. ಅವರು ಮೊದಲು ತಮ್ಮ ಮನೆಯ ಹಿರಿಯರನ್ನು, ಅವರು ಬದುಕಿರುವಾಗಲೇ, ಎದುರಿನಲ್ಲಿ ಕೂರಿಸಿಕೊಂಡು ಬರೆಯಬೇಕು. ಅಕ್ಕಿ ಆರಿಸುವ ಅಜ್ಜಿಯನ್ನಾಗಲಿ, ಕನ್ನಡಕವನ್ನು ಹಣೆಗೇರಿಸಿ ಪಂಚಾಂಗ ನೋಡುವ ತಾತನನ್ನಾಗಲಿ ಹತ್ತು ದಿನ ಒಂದೊಂದು ಗಂಟೆ ನೋಡಿದರೆ, ಫೋಟೋದಲ್ಲಿ ಸಿಕ್ಕದ ಎಷ್ಟೋ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಚಿತ್ರವು ಚೆನ್ನಾಗಿ ಬರದಿದ್ದರೂ ಆ ಹತ್ತು ಗಂಟೆಗಳು ವ್ಯರ್ಥವಾಗವು. ತಮ್ಮ ಹಿರಿಯರನ್ನು ಅಷ್ಟು ಹೊತ್ತು ಗಮನವಿಟ್ಟು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

೮. ಉಪಸಂಹಾರ

ಮೇಲೆ ವಿವೇಚಿಸಿದುದರಿಂದ ಫಲಿಸುವುದಿಷ್ಟು. ಪ್ರತಿಕೃತಿಯು ಆರಂಭದಲ್ಲಿ ವಿದ್ಧ. ಸಾದೃಶ್ಯವಿಲ್ಲದೆ ಅದಕ್ಕೆ ಪ್ರತಿಕೃತಿಯೆಂಬ ಹೆಸರೇ ಸಲ್ಲದು. ಆದರೆ ಸಾದೃಶ್ಯವನ್ನು ಗುರುತಿಸಬಲ್ಲವರು ಆ ವ್ಯಕ್ತಿಯನ್ನು ಬಲ್ಲವರು ಮಾತ್ರ. ಒಂದೆರಡು ತಲೆಮಾರುಗಳಲ್ಲಿ ಅವರೆಲ್ಲ ತೀರಿಹೋದ ಮೇಲೆ, ಹೋಲಿಕೆಯಿದೆಯೆಂದು ಹೇಳುವುದಕ್ಕೆ ಸಾಕ್ಷಿಗಳೇ ಉಳಿಯರು. ಮಾರ್ಗರೇಟಳನ್ನಾಗಲಿ ಟೈಟಸನನ್ನಾಗಲಿ ಕಂಡವರು ಇಂದು ಯಾರಿದ್ದಾರೆ? ಆದರೂ ಆ ಮುಖಗಳು ಸತ್ಯವೆಂದು ನಾವು ಒಪ್ಪುತ್ತೇವೆ. ಹಾಗೆ ಒಪ್ಪಿಸುವುದು ಭಾವ. ವಿದ್ಧತ್ವವು ಬಂಧುಗಳ ಆಯುಸ್ಸಿನವರೆಗೆ ಮಾತ್ರ ಬಾಳುತ್ತದೆ. ಭಾವವು ಪಟವು ಇರುವವರೆಗೂ ಬಾಳುತ್ತದೆ.

ಆದುದರಿಂದ ಮುಖದ ಪ್ರತಿಕೃತಿಯನ್ನು ಕನ್ನಡಿಗರು ‘ಭಾವಚಿತ್ರ’ವೆಂದು ಕರೆಯುವುದು ಸೋಮೇಶ್ವರನ ಪರಿಭಾಷೆಗೆ ಹೊರಗಾದರೂ ಅವನ ಅಭಿಪ್ರಾಯಕ್ಕೆ ವಿರುದ್ಧವಲ್ಲ. ವಿದ್ಧವು ಎಲ್ಲಿಗೆ ಮುಟ್ಟಬೇಕೋ ಆ ಗುರಿಯನ್ನೇ ನಮ್ಮ ಭಾಷೆಯು ಹೆಸರಾಗಿ ಇಟ್ಟುಕೊಂಡಿದೆ. ಆ ಹೆಸರು ಎಲ್ಲ ಚಿತ್ರಗಳಿಗೂ ಸಲ್ಲುವುದಿಲ್ಲವೆಂಬುದು ನಿಜ; ಸಲ್ಲುವಂತೆ ಬರೆಯುವ ಭಾರವು ಚಿತ್ರಕಾರರ ಮೇಲಿದೆ.